ಪದವೀಧರರನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ತಾಂಡೂರಿನಲ್ಲಿ 1950ರಲ್ಲಿ ಹುಟ್ಟಿ ಅದೇ ಊರಿನ ಅದೇ ಮನೆಯಲ್ಲಿ ಬಾಳಿದವರೊಬ್ಬರ ಕಾಗದಪತ್ರಗಳನ್ನು ಸಾಲಾಗಿ ಹರಡಿದರೆ ಈ ಗಡಿಸೀಮೆಯ ಚರಿತ್ರೆಯೇ ಕಣ್ಣೆದುರು ಬರುತ್ತದೆ. ಹುಟ್ಟಿದಾಗ ಅವರದು ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆ. ಶಾಲೆಗೆ ಸೇರುವ ಹೊತ್ತಿಗೆ, 1956ರ ನವೆಂಬರ್ 1ರಿಂದ, ಆಂಧ್ರಪ್ರದೇಶದ ಹೈದರಾಬಾದ್ ಜಿಲ್ಲೆ. 1978ರಲ್ಲಿ ಅದು ರಂಗಾರೆಡ್ಡಿ ಜಿಲ್ಲೆ. 2014ರಲ್ಲಿ ರಾಜ್ಯದ ಹೆಸರು ತೆಲಂಗಾಣ, 2016ರಲ್ಲಿ ಜಿಲ್ಲೆಯ ಹೆಸರು ವಿಕಾರಾಬಾದ್. ಜಹೀರಾಬಾದ್ ಮತ್ತು ನಾರಾಯಣಖೇಡದವರ ಕಾಗದಗಳಲ್ಲೂ ಇಂಥದೇ ಸಾಲು: ಮೊದಲು ಬೀದರ, ಆಮೇಲೆ ಮೆದಕ್, ಈಗ ಸಂಗಾರೆಡ್ಡಿ. ಇಷ್ಟೆಲ್ಲ ಬದಲಾದರೂ ಈ ಮೂರು ತಾಲೂಕುಗಳಿಂದ ಮೇಲಿನ ಓದಿಗೆ ಹೋದವರ ಪದವಿಪತ್ರದ ನೆತ್ತಿಯ ಮೇಲೆ ಬಹುಪಾಲು ಉಳಿದುಕೊಂಡ ಹೆಸರು ಒಂದೇ, ಉಸ್ಮಾನಿಯಾ ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಬದುಕಿನ ಸಾಧನೆಗಳನ್ನು, ಅವರಿಗೆ ಹುದ್ದೆ ಸಿಕ್ಕಿದ್ದನ್ನು, ಪುಸ್ತಕ ಬಂದದ್ದನ್ನು, ಅರವತ್ತು ತುಂಬಿದ್ದನ್ನು, ನಿವೃತ್ತಿಯಾದದ್ದನ್ನು ಯಾರು ಸಂಭ್ರಮಿಸಬೇಕು, ಹೇಗೆ ಸಂಭ್ರಮಿಸಬೇಕು ಎಂಬ ಪ್ರಶ್ನೆ ಮೈಸೂರಿನಲ್ಲೋ ಧಾರವಾಡದಲ್ಲೋ ಸುಲಭದ್ದು. ಇಲ್ಲಿ ಅದಕ್ಕೆ ಚರಿತ್ರೆಯ ಕಡೆಯಿಂದ ಉತ್ತರ ಹುಡುಕಬೇಕು. ಹೈದರಾಬಾದ್ ಸಂಸ್ಥಾನದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಭ್ರಮ ಶುರುವಿನಿಂದಲೂ ಸಾರ್ವಜನಿಕ ಕೆಲಸವಾಗಿತ್ತು. 1956ರ ಗಡಿ ಆ ಕೆಲಸದ ನೆಲವನ್ನು ಹಂಚಿಹಾಕಿತು. ಆದ್ದರಿಂದ ಈ ಮೂರು ತಾಲೂಕುಗಳಲ್ಲಿ ಅದನ್ನು ಮತ್ತೆ ಕಟ್ಟಬೇಕಾದವರು ಊರಿನವರೇ ಎಂಬುದು ನನ್ನ ವಾದ.

ಶುರುವನ್ನು ನೋಡೋಣ. 1917ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೊರಡಿಸಿದ ಫರ್ಮಾನಿನಿಂದ ಉಸ್ಮಾನಿಯಾದ ಕಥೆ ಆರಂಭವಾಗುತ್ತದೆ. 1918ರಲ್ಲಿ ಅದು ವಿಶ್ವವಿದ್ಯಾಲಯವಾಯಿತು, 1919ರ ಆಗಸ್ಟಿನಲ್ಲಿ ಬಾಡಿಗೆ ಕಟ್ಟಡಗಳಲ್ಲಿ ಪಾಠ ಶುರುವಾಯಿತು. ಮೊದಲ ತಂಡದಲ್ಲಿ ಇದ್ದವರು 225 ವಿದ್ಯಾರ್ಥಿಗಳು. ಎರಡು ವರ್ಷ ಮೊದಲು, 1916ರಲ್ಲಿ, ಹುಟ್ಟಿದ್ದ ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಕಲಿಸುತ್ತಿತ್ತು. ಉಸ್ಮಾನಿಯಾ ಭಾರತೀಯ ಭಾಷೆಯೊಂದರಲ್ಲಿ, ಉರ್ದುವಿನಲ್ಲಿ, ವಿಜ್ಞಾನ ಕಾನೂನುಗಳನ್ನೂ ಕಲಿಸಲು ಹೊರಟಿತು. ಅದಕ್ಕಾಗಿ ಅನುವಾದದ ಇಲಾಖೆಯನ್ನೇ ತೆರೆದು ಪಠ್ಯಗಳನ್ನು ಸಿದ್ಧಪಡಿಸಿತು. ಈ ಸಾಹಸಕ್ಕೆ ಒಂದು ಬೆಲೆಯಿತ್ತು. ಉರ್ದು ಮಾಧ್ಯಮದ ಪದವಿಗೆ ಸಂಸ್ಥಾನದ ಹೊರಗೆ ಸುಲಭದ ಮನ್ನಣೆ ಸಿಗುತ್ತಿರಲಿಲ್ಲ. ಒಳಗೆ ಮೇಲಿನ ಹುದ್ದೆಗಳಲ್ಲಿ ಹೊರಗಿನಿಂದ ಬಂದವರ ಪಾಲು ದೊಡ್ಡದಿತ್ತು. ಮುಲ್ಕಿಗಳು, ಅಂದರೆ ನಾಡಿನವರೇ ಆದವರು, ಮತ್ತು ಹೊರಗಿನವರು ಎಂಬ ತಕರಾರು ಅಂದಿನ ರಾಜಕೀಯದ ನಡುವಿಗೇ ಬಂದಿತ್ತು. ಹೀಗಾಗಿ ಉಸ್ಮಾನಿಯಾದ ಪದವೀಧರರು ಸಂಘ ಕಟ್ಟಿಕೊಂಡಾಗ ಅದು ಹಳೆಯ ಗೆಳೆಯರ ಊಟದ ಕೂಟವಾಗಿ ಉಳಿಯುವ ಹಾಗಿರಲಿಲ್ಲ. ನಾವು ಓದಿದ ಓದಿಗೆ ಬೆಲೆಯಿದೆ, ಅದು ಈ ನಾಡಿನ ಕೆಲಸಕ್ಕೆ ಬರುತ್ತದೆ ಎಂದು ಅವರು ಲೋಕಕ್ಕೆ ತೋರಿಸಬೇಕಿತ್ತು.

ತೋರಿಸಿದ ಬಗೆ ಅಪರೂಪದ್ದು. ಪದವೀಧರರ ಸಂಘದ ಆರ್ಥಿಕ ಸಮಿತಿ ಸಂಸ್ಥಾನದ ಆರ್ಥಿಕ ಸ್ಥಿತಿಗತಿಯ ಸಮೀಕ್ಷೆಯೊಂದನ್ನು ನಡೆಸಬೇಕೆಂದು ಗೊತ್ತುಮಾಡಿತು. ಸಮೀಕ್ಷೆಗೆ ಹಣ ಬೇಕಿತ್ತು. ಹಣ ಕೂಡಿಸಲು ಸಂಸ್ಥಾನದಲ್ಲೇ ತಯಾರಾದ ಸಾಮಾನುಗಳ ಪ್ರದರ್ಶನವೊಂದನ್ನು ಏರ್ಪಡಿಸೋಣ ಎಂಬ ಯೋಚನೆ ಹುಟ್ಟಿತು. 1938ರಲ್ಲಿ ಹೈದರಾಬಾದಿನ ಬಾಗ್-ಎ-ಆಮ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಹತ್ತು ದಿನ ಆ ಪ್ರದರ್ಶನ ನಡೆಯಿತು. ನಿಜಾಮರೇ ಅದನ್ನು ಉದ್ಘಾಟಿಸಿದರು. ಎರಡೂವರೆ ರೂಪಾಯಿಯ ಬಂಡವಾಳದಿಂದ ಶುರುವಾದದ್ದು ಎಂಬ ಮಾತನ್ನು ಅದನ್ನು ನಡೆಸುವವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಇಂದು ನುಮಾಯಿಶ್ ಎಂದು ಇಡೀ ದಖ್ಖನ್ನಿಗೆ ಗೊತ್ತಿರುವ, ಪ್ರತಿ ಜನವರಿ 1ಕ್ಕೆ ನಾಂಪಲ್ಲಿಯಲ್ಲಿ ಬಾಗಿಲು ತೆರೆಯುವ ಮಹಾ ಸಂತೆಯ ಮೂಲ ಇದು. ಜಾಗ ಸಾಲದೆ ಬಂದಾಗ, 1946ರಲ್ಲಿ, ಈಗಿನ ವಿಶಾಲ ಮೈದಾನವನ್ನು ಕೊಡಿಸಿದವರು ಅಂದು ಹೈದರಾಬಾದಿನ ಪ್ರಧಾನಮಂತ್ರಿಯಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿ ದಸರಾ ವಸ್ತುಪ್ರದರ್ಶನದ ವೈಭವವನ್ನು ಕಂಡಿದ್ದವರು ಅವರು. 1949ರಲ್ಲಿ ನುಮಾಯಿಶ್ ಅಖಿಲ ಭಾರತ ಕೈಗಾರಿಕಾ ಪ್ರದರ್ಶನ ಎಂಬ ಹೆಸರು ಪಡೆಯಿತು. ಅದರ ಆದಾಯದಿಂದ ಪ್ರದರ್ಶನ ಸಂಸ್ಥೆ ವಿದ್ಯಾಸಂಸ್ಥೆಗಳನ್ನು ಕಟ್ಟಿತು. ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ, ಕಮಲಾ ನೆಹರು ಪಾಲಿಟೆಕ್ನಿಕ್ ಅವುಗಳ ಪೈಕಿ. ಪದವೀಧರರು ತಮ್ಮ ಪದವಿಯ ಹೆಮ್ಮೆಯನ್ನು ಊರಿನ ನೇಕಾರ, ಕಂಚುಗಾರ, ಬೀದರಿ ಕುಸುರಿಗಾರರ ಮಳಿಗೆಯ ಮೂಲಕ ತೋರಿಸಿದರು. ಅವರ ಸಂಭ್ರಮದ ಹುಟ್ಟುವಳಿಯಿಂದ ಮುಂದಿನ ತಲೆಮಾರಿನ ಹೆಣ್ಣುಮಕ್ಕಳು ಕಾಲೇಜು ಕಲಿತರು.

ಇದೇ ಕಾಲದ ಕನ್ನಡದ ಒಂದು ಉದಾಹರಣೆಯನ್ನು ಪಕ್ಕಕ್ಕಿಟ್ಟರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಅವರ ಶಿಷ್ಯರು, ಗೆಳೆಯರು ಸೇರಿ 'ಸಂಭಾವನೆ' ಎಂಬ ಗ್ರಂಥವನ್ನು ಅರ್ಪಿಸಿದರು. ಮೇಷ್ಟರ ಮೇಲಿನ ಪ್ರೀತಿ ಅಲ್ಲಿ ಲೇಖನಗಳ ಸಂಪುಟವಾಗಿ ಮೂಡಿತು; ಅದು ಓದುಗರ ಪಾಲಿನ ಆಸ್ತಿಯಾಯಿತು. ಕನ್ನಡದ ಅಭಿನಂದನ ಗ್ರಂಥಗಳ ಪರಂಪರೆ ಬೆಳೆದದ್ದು ಈ ದಾರಿಯಲ್ಲಿ. ಹೈದರಾಬಾದಿನ ಪದವೀಧರರು ಪ್ರದರ್ಶನ ಕಟ್ಟಿದರು, ಮೈಸೂರಿನವರು ಗ್ರಂಥ ಕಟ್ಟಿದರು. ಎರಡರಲ್ಲೂ ಒಬ್ಬರ ಅಥವಾ ಒಂದು ತಂಡದ ಬದುಕಿನ ಘಟ್ಟ ನೆಪವಾಗಿತ್ತು, ಉಳಿದದ್ದು ಎಲ್ಲರಿಗೂ ಸಲ್ಲುವ ವಸ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ಬೆಳ್ಳಿ ಬಣ್ಣದ ಫಲಕ, ವೇದಿಕೆಯ ಹಿಂದೆ ಫ್ಲೆಕ್ಸ್ ಇವಿಷ್ಟೇ ಸನ್ಮಾನವೆಂದು ಇಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಫ್ಲೆಕ್ಸನ್ನು ಮರುದಿನ ಯಾರೋ ಮೇವಿನ ಬಣವೆಗೆ ಹೊದಿಸುತ್ತಾರೆ. ಫಲಕ ಶೋಕೇಸಿಗೆ ಹೋಗುತ್ತದೆ. ಊರಿಗೆ ಏನೂ ಉಳಿಯುವುದಿಲ್ಲ. ನಮ್ಮ ಹಿರಿಯರ ಪದ್ಧತಿ ಇದಕ್ಕಿಂತ ದೊಡ್ಡದಾಗಿತ್ತು ಎಂಬುದನ್ನು ನೆನೆಯಬೇಕು.

ಈಗ ಮೂರು ತಾಲೂಕುಗಳ ಕಡೆಗೆ ಬರೋಣ. ವಾಡಿ–ಸಿಕಂದರಾಬಾದ್ ರೈಲುದಾರಿ 1874ರಲ್ಲಿ ತೆರೆದಾಗಿನಿಂದ ತಾಂಡೂರಿಗೆ ಎರಡೂ ಕಡೆ ಬಾಗಿಲಿತ್ತು: ಒಂದು ಕಡೆ ಗುಲ್ಬರ್ಗಾ, ಇನ್ನೊಂದು ಕಡೆ ಹೈದರಾಬಾದ್. ಗುಲ್ಬರ್ಗಾದ ಇಂಟರ್‌ಮೀಡಿಯೆಟ್ ಕಾಲೇಜೂ ಉಸ್ಮಾನಿಯಾಕ್ಕೇ ಸೇರಿದ್ದರಿಂದ ಎತ್ತ ಹೋದರೂ ವಿಶ್ವವಿದ್ಯಾಲಯ ಒಂದೇ. ಜಹೀರಾಬಾದ್ ವಿಕಾರಾಬಾದ್–ಬೀದರ ರೈಲುದಾರಿಯ ಮೇಲೆ ಬಂತು. ನಾರಾಯಣಖೇಡಕ್ಕೆ ರೈಲಿನ ಭಾಗ್ಯ ಇರಲಿಲ್ಲ. ಅಲ್ಲಿಂದ ಓದಲು ಹೊರಟವರು ಮೊದಲು ಬೀದರಕ್ಕೋ ಜಹೀರಾಬಾದಿಗೋ ಬರಬೇಕಿತ್ತು. 1951ರ ಜನಗಣತಿಯಲ್ಲಿ ಇಡೀ ಹೈದರಾಬಾದ್ ರಾಜ್ಯದ ಸಾಕ್ಷರತೆ ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. ಅಂಥ ನಾಡಿನಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಬಳಸಿ ಬೆಳೆದ ಹುಡುಗ ಬಿ.ಎ. ಮುಗಿಸಿ ಬಂದನೆಂದರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವಂಥದ್ದಲ್ಲ. ಆ ಓದು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ಇದೇ ಸೀಮೆಯ ಸಾಕ್ಷಿಗಳಿವೆ. ತಾಂಡೂರಿನ ನೆರೆಯ ಚಿಂಚೋಳಿಯಲ್ಲಿ 1924ರಲ್ಲಿ ಹುಟ್ಟಿದ ವೀರೇಂದ್ರ ಪಾಟೀಲರು ಉಸ್ಮಾನಿಯಾದಲ್ಲಿ ಓದಿ ವಕೀಲರಾದರು, ಎರಡು ಸಲ ಕರ್ನಾಟಕದ ಮುಖ್ಯಮಂತ್ರಿಯಾದರು. ಕೊಪ್ಪಳ ಸೀಮೆಯ ದ್ಯಾಂಪುರದಿಂದ ಅದೇ ವಿಶ್ವವಿದ್ಯಾಲಯಕ್ಕೆ ಹೋದ ಸಿದ್ಧಯ್ಯ ಪುರಾಣಿಕರು ಐ.ಎ.ಎಸ್. ಅಧಿಕಾರಿಯೂ ಕಾವ್ಯಾನಂದ ಎಂಬ ಹೆಸರಿನ ಕವಿಯೂ ಆಗಿ, 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಜೇವರ್ಗಿ ತಾಲೂಕಿನ ನೆಲೋಗಿಯ ಧರ್ಮಸಿಂಗ್ ಅಲ್ಲಿ ಎಂ.ಎ., ಎಲ್‌ಎಲ್.ಬಿ. ಮುಗಿಸಿ 2004ರಲ್ಲಿ ಮುಖ್ಯಮಂತ್ರಿಯಾದರು.

ಇನ್ನೊಂದು ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1989ರ ನವೆಂಬರ್ 30ರಂದು ವೀರೇಂದ್ರ ಪಾಟೀಲರು ಬೆಂಗಳೂರಿನಲ್ಲಿ ಅಧಿಕಾರ ವಹಿಸಿಕೊಂಡರು. ಡಿಸೆಂಬರ್ 3ರಂದು ಹೈದರಾಬಾದಿನಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿ ಡಾ. ಮರ್ರಿ ಚೆನ್ನಾರೆಡ್ಡಿ ಅಧಿಕಾರ ವಹಿಸಿಕೊಂಡರು. ಚೆನ್ನಾರೆಡ್ಡಿ ವಿಕಾರಾಬಾದ್ ಕಡೆಯವರು, 1941ರಲ್ಲಿ ಉಸ್ಮಾನಿಯಾದಿಂದ ಎಂ.ಬಿ.ಬಿ.ಎಸ್. ಪಡೆದವರು, 1967ರಲ್ಲಿ ತಾಂಡೂರಿನಿಂದಲೇ ವಿಧಾನಸಭೆಗೆ ಗೆದ್ದವರು. ಚಿಂಚೋಳಿ ಮತ್ತು ತಾಂಡೂರು 1956ರವರೆಗೆ ಒಂದೇ ಗುಲ್ಬರ್ಗಾ ಜಿಲ್ಲೆಯ ಎರಡು ತಾಲೂಕುಗಳು. ಅಂದರೆ ಸುಮಾರು ಹತ್ತು ತಿಂಗಳು ಅಕ್ಕಪಕ್ಕದ ಎರಡು ರಾಜ್ಯಗಳನ್ನು ಒಂದೇ ವಿಶ್ವವಿದ್ಯಾಲಯದ ಇಬ್ಬರು ಹಳೆಯ ವಿದ್ಯಾರ್ಥಿಗಳು ಆಳಿದರು. ಒಬ್ಬರದು ಹಳೆಯ ಜಿಲ್ಲೆಯ ಒಂದು ತಾಲೂಕಿನ ಹುಟ್ಟು, ಇನ್ನೊಬ್ಬರದು ಪಕ್ಕದ ತಾಲೂಕಿನ ಪ್ರಾತಿನಿಧ್ಯ. ಅದರ ಬೆನ್ನಿಗೇ, 1991ರಲ್ಲಿ, ಲಾತೂರು ಜಿಲ್ಲೆಯ ಚಾಕೂರಿನವರೂ ಉಸ್ಮಾನಿಯಾದಲ್ಲಿ ವಿಜ್ಞಾನ ಓದಿದವರೂ ಆದ ಶಿವರಾಜ್ ಪಾಟೀಲರು ಲೋಕಸಭೆಯ ಸ್ಪೀಕರ್ ಆದರು. ಒಂದು ಕಾಲಕ್ಕೆ ಒಂದೇ ನಾಡಾಗಿದ್ದ ಸೀಮೆಯ ಓದು ಮೂರು ರಾಜ್ಯಗಳಲ್ಲಿ ಫಲ ಕೊಟ್ಟ ಗಳಿಗೆ ಇದು. ಆದರೆ ಕರ್ನಾಟಕ ತನ್ನ ನಾಯಕರನ್ನು, ಆಂಧ್ರ ತನ್ನವರನ್ನು, ಮಹಾರಾಷ್ಟ್ರ ತನ್ನವರನ್ನು ಬೇರೆ ಬೇರೆಯಾಗಿ ಬರೆದುಕೊಂಡವು. ಹಳೆಯ ಜಿಲ್ಲೆಗಳನ್ನು ಒಂದಾಗಿ ಕಂಡು ಬರೆಯುವ ಕೈ ಇರಲಿಲ್ಲ.

ಯಾಕೆ ಇರಲಿಲ್ಲ ಎಂಬುದಕ್ಕೆ ಉತ್ತರ 1956ರ ರಾಜ್ಯ ಪುನರ್ವಿಂಗಡಣೆ ಕಾಯಿದೆಯಲ್ಲಿದೆ. 1955ರ ಫಜಲ್ ಅಲಿ ಆಯೋಗ ಬೀದರ ಜಿಲ್ಲೆಯನ್ನು ಇಡಿಯಾಗಿ ಉಳಿಕೆಯ ಹೈದರಾಬಾದ್ ರಾಜ್ಯದಲ್ಲೇ ಇಡಲು ಹೇಳಿತ್ತು. ಕೊನೆಗೆ ಆದದ್ದು ಬೇರೆ. ಬೀದರ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಸಂತಪುರ ತಾಲೂಕುಗಳು ಮೈಸೂರಿಗೆ, ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ, ನಾರಾಯಣಖೇಡ ಮತ್ತು ಜಹೀರಾಬಾದ್ ಆಂಧ್ರಕ್ಕೆ. ಜಹೀರಾಬಾದಿನಲ್ಲೂ ನಿರ್ಣಾ ವೃತ್ತವನ್ನು ಕಳಚಿ ಬೀದರಕ್ಕೆ ಕೊಟ್ಟರು. ಬೀದರ ತಾಲೂಕಿನ ನ್ಯಾಲ್‌ಕಲ್ ವೃತ್ತವನ್ನು ಈಚೆಗೆ ತಂದರು. ಗುಲ್ಬರ್ಗಾದಿಂದ ತಾಂಡೂರು, ಕೊಡಂಗಲ್ ಹೊರಟವು. ಹೆಣ್ಣು ಕೊಟ್ಟು ತಂದ ಹಳ್ಳಿಗಳ ನಡುವೆ, ಕಂದಾಯ ವೃತ್ತಗಳ ಲೆಕ್ಕದಲ್ಲಿ, ಗೆರೆ ಬಿತ್ತು. ವಿದ್ಯೆಯ ದಾರಿಯೂ ಅಲ್ಲಿಗೇ ಕವಲೊಡೆಯಿತು. ಗಡಿಯ ಪಶ್ಚಿಮದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೂ 1980ರ ನಂತರ ಗುಲ್ಬರ್ಗಾ ವಿಶ್ವವಿದ್ಯಾಲಯದ ಕಡೆಗೂ ತಿರುಗಿದವು. 1958ರಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಅಲ್ಲಿ ಎಂಜಿನಿಯರಿಂಗ್, ವೈದ್ಯ ಕಾಲೇಜುಗಳನ್ನು ಕಟ್ಟಿತು. ಪೂರ್ವದ ಮೂರು ತಾಲೂಕುಗಳು ಉಸ್ಮಾನಿಯಾದಲ್ಲೇ ಉಳಿದವು, ಆದರೆ ಆ ಹೊತ್ತಿಗೆ ಉಸ್ಮಾನಿಯಾ ಉರ್ದು ಬಿಟ್ಟು ಇಂಗ್ಲಿಷಿಗೆ ಬಂದಿತ್ತು, ಅದರ ಸುತ್ತಲ ರಾಜ್ಯದ ಭಾಷೆ ತೆಲುಗಾಗಿತ್ತು. ಕನ್ನಡ ಮನೆಗಳ ಪದವೀಧರರು ಎರಡೂ ಕಡೆಯ ನೆನಪಿನ ಅಂಚಿಗೆ ಸರಿದರು.

ಕಾನೂನು ಕೂಡ ಈ ಸರಿಯುವಿಕೆಯನ್ನು ಗಟ್ಟಿಮಾಡಿತು. ಸಂವಿಧಾನದ 171ನೆಯ ವಿಧಿ ವಿಧಾನ ಪರಿಷತ್ತಿನ ಹನ್ನೆರಡರಲ್ಲಿ ಒಂದು ಪಾಲನ್ನು, ಪದವಿ ಪಡೆದು ಮೂರು ವರ್ಷವಾದವರ ಮತಕ್ಕೆ ಬಿಟ್ಟಿದೆ. ಹಳೆಯ ವಿದ್ಯಾರ್ಥಿ ಎಂಬ ನೆಲೆಗೆ ಗಣರಾಜ್ಯವೇ ಕೊಟ್ಟ ಗೌರವ ಇದು. ಬೀದರದ ಪದವೀಧರ ಕರ್ನಾಟಕದ ಈಶಾನ್ಯ ಪದವೀಧರ ಕ್ಷೇತ್ರದಲ್ಲಿ ಮತ ಹಾಕುತ್ತಾರೆ. ಜಹೀರಾಬಾದ್, ನಾರಾಯಣಖೇಡದವರು ಮೆದಕ್–ನಿಜಾಮಾಬಾದ್–ಆದಿಲಾಬಾದ್–ಕರೀಂನಗರ ಕ್ಷೇತ್ರದಲ್ಲಿ. ತಾಂಡೂರಿನವರು ಮಹಬೂಬನಗರ–ರಂಗಾರೆಡ್ಡಿ–ಹೈದರಾಬಾದ್ ಕ್ಷೇತ್ರದಲ್ಲಿ. ಸಂವಿಧಾನದ 371-ಡಿ ವಿಧಿಯಡಿ ತೆಲಂಗಾಣದಲ್ಲಿ ಎಲ್ಲಿ ಎಷ್ಟು ವರ್ಷ ಓದಿದರು ಎಂಬ ಲೆಕ್ಕದ ಮೇಲೆ ಸ್ಥಳೀಯ ಅಭ್ಯರ್ಥಿ ಯಾರೆಂದು ತೀರ್ಮಾನವಾಗುತ್ತದೆ. ಗಡಿಯಾಚೆ 371-ಜೆ ವಿಧಿಯಡಿ, 2013ರಿಂದ, ಕಲ್ಯಾಣ ಕರ್ನಾಟಕದವರಿಗೆ ಓದಿನಲ್ಲಿ, ಉದ್ಯೋಗದಲ್ಲಿ ಮೀಸಲಾತಿ ಬಂತು. ಹಿಂದುಳಿದ ಸೀಮೆಗಳ ಹಿತಕ್ಕೆಂದೇ ಬಂದ ಈ ಎರಡೂ ಏರ್ಪಾಡುಗಳು ಅವಶ್ಯಕವೇ. ಆದರೆ ಅವುಗಳ ಜೊತೆಯಲ್ಲೇ ಗಡಿಯ ಮನೆಗಳಿಗೆ ಒಂದು ಎಚ್ಚರವೂ ಬಂತು: ಕನ್ನಡದಲ್ಲಿ ಓದಲೆಂದು ಮಗುವನ್ನು ಹತ್ತಿರದ ಬೀದರಕ್ಕೆ ಕಳಿಸಿದರೆ ಮುಂದೆ ತನ್ನ ಊರಿನಲ್ಲೇ ಅದು ಹೊರಗಿನ ಅಭ್ಯರ್ಥಿ ಆದೀತು. ಓದಿದ ಊರೇ ಹಕ್ಕಿನ ಅಳತೆಯಾದಾಗ, ಗಡಿ ದಾಟಿ ಓದಿದವರ ಸಾಧನೆಯನ್ನು ತಮ್ಮದೆಂದು ಹೇಳಿಕೊಳ್ಳುವ ಉತ್ಸಾಹ ಎರಡೂ ಕಡೆ ಕುಗ್ಗುವುದು ಸಹಜ.

ನನ್ನ ವಾದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಉಸ್ಮಾನಿಯಾದ ಬಗ್ಗೆಯೇ. ಕನ್ನಡ, ತೆಲುಗು, ಮರಾಠಿಗರೇ ಹೆಚ್ಚಿದ್ದ ನಾಡಿನಲ್ಲಿ ಉರ್ದುವನ್ನು ಮೇಲೆ ಕೂರಿಸಿದ ರಾಜಸತ್ತೆಯ ಕೂಸು ಅದು. ಅದರ ಪದವೀಧರರು ಬೆರಳೆಣಿಕೆಯವರು, ಬಹುಪಾಲು ಗಂಡಸರು, ಬಹುಪಾಲು ಉಳ್ಳವರು. ಅಂಥವರ ಸಂಭ್ರಮವನ್ನು ಇಂದು ಮಾದರಿಯೆಂದು ಎತ್ತಿ ಹಿಡಿಯಬೇಕೇ ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ನುಮಾಯಿಶ್ ಶುರುವಾದ 1938ರಲ್ಲೇ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಚಳವಳಿ ಗುಲ್ಬರ್ಗಾ, ಔರಂಗಾಬಾದ್ ಕಾಲೇಜುಗಳಿಗೂ ಹಬ್ಬಿತು. ಹೊರಬಿದ್ದವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟದ್ದು ನಾಗಪುರ ವಿಶ್ವವಿದ್ಯಾಲಯ. ಅವರಲ್ಲಿ ಒಬ್ಬರಾದ ಪಿ.ವಿ. ನರಸಿಂಹರಾವ್ 1991ರಲ್ಲಿ ದೇಶದ ಪ್ರಧಾನಿಯಾದರು. ಆದರೆ ಈ ಸಂಗತಿ ನನ್ನ ವಾದವನ್ನು ಮುರಿಯುವುದಕ್ಕಿಂತ ಹೆಚ್ಚಾಗಿ ತಿದ್ದುತ್ತದೆ. ವಿಶ್ವವಿದ್ಯಾಲಯ ಯಾರನ್ನು ತನ್ನ ವಿದ್ಯಾರ್ಥಿ ಎನ್ನುತ್ತದೆ ಎಂಬುದರ ಮೇಲೆಯೇ ಸಂಭ್ರಮವನ್ನು ನಿಲ್ಲಿಸಿದರೆ, ಹೊರಹಾಕಿಸಿಕೊಂಡವರು, ಅರ್ಧಕ್ಕೆ ಬಿಟ್ಟವರು, ಜೈಲಿಗೆ ಹೋದವರು ಲೆಕ್ಕದಿಂದ ಬಿದ್ದುಹೋಗುತ್ತಾರೆ. ಊರು ಲೆಕ್ಕ ಬರೆದರೆ ಅವರೂ ಅದರಲ್ಲಿ ಇರುತ್ತಾರೆ. ಸಂಸ್ಥೆಯ ದೋಷಗಳನ್ನು ಒಪ್ಪಿಕೊಂಡೇ ಅದರ ಮಕ್ಕಳು ಕಟ್ಟಿದ ಒಳ್ಳೆಯ ಪದ್ಧತಿಯನ್ನು ಉಳಿಸಿಕೊಳ್ಳಬಹುದು.

ಎರಡನೆಯ ಆಕ್ಷೇಪ ಸನ್ಮಾನದ ಸಂಸ್ಕೃತಿಯ ಬಗ್ಗೆ. ನಮ್ಮಲ್ಲಿ ಸನ್ಮಾನಗಳು ಕಡಿಮೆ ಇಲ್ಲ, ಹೆಚ್ಚೇ ಆಗಿವೆ. ಪ್ರತಿಯೊಂದು ಜಾತಿ ಸಂಘವೂ ಪ್ರತಿಭಾ ಪುರಸ್ಕಾರ ನಡೆಸುತ್ತದೆ. ಹತ್ತನೆಯ ತರಗತಿಯ ತಂಡಗಳು ಇಪ್ಪತ್ತೈದು ವರ್ಷಕ್ಕೊಮ್ಮೆ ಗುರುವಂದನೆ ಮಾಡುತ್ತವೆ. ಕಾಲೇಜುಗಳಲ್ಲಿ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳ ಸಂಘವೂ ಎದ್ದು ನಿಲ್ಲುತ್ತದೆ, ಏಕೆಂದರೆ ಮೌಲ್ಯಮಾಪನದ ಅಂಶಗಳಲ್ಲಿ ಅದಕ್ಕೂ ಅಂಕವಿದೆ. ಇನ್ನೊಂದು ಯಾಕೆ ಎಂದು ಕೇಳುವವರಿಗೆ ಉತ್ತರ ಹೀಗಿದೆ. ಜಾತಿ ಸಂಘಗಳು ಈ ಕೆಲಸಕ್ಕೆ ಕೈ ಹಾಕಿರುವುದೇ ಊರಿನ ಕೈ ಖಾಲಿ ಇರುವುದಕ್ಕೆ ಸಾಕ್ಷಿ. ಅವು ಬಡ ಮಕ್ಕಳಿಗೆ ಮಾಡಿದ ಉಪಕಾರ ದೊಡ್ಡದು. ಹೈದರಾಬಾದಿನ ಜಾತಿವಾರು ಹಾಸ್ಟೆಲುಗಳಿಲ್ಲದಿದ್ದರೆ ಹಳ್ಳಿಯ ಎಷ್ಟೋ ಹುಡುಗರು ಮೇಲಿನ ಓದನ್ನು ಕಾಣುತ್ತಿರಲಿಲ್ಲ. ಆದರೆ ಒಂದು ಜಾತಿಯ ಸಭೆಯಲ್ಲಿ ಪಕ್ಕದ ಕೇರಿಯ ಹುಡುಗಿಯ ಸಾಧನೆ ಯಾರ ಕಿವಿಗೂ ಬೀಳುವುದಿಲ್ಲ. ನ್ಯಾಕ್‌ಗಾಗಿ ಕಟ್ಟಿದ ಸಂಘ ತಂಡ ಹೋದ ಮೇಲೆ ಮಲಗುತ್ತದೆ. ಸನ್ಮಾನಗಳ ಸಂಖ್ಯೆ ಹೆಚ್ಚಿದ್ದರೂ ಊರಿಗೆ ತನ್ನವರು ಯಾರೆಂಬ ಅರಿವು ಹೆಚ್ಚಿಲ್ಲ ಎಂದಾದರೆ ಕೊರತೆ ಇರುವುದು ಏರ್ಪಾಡಿನಲ್ಲಿ.

ಮೂರನೆಯದು ನೈತಿಕವಾಗಿ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಪದವೀಧರರು ಊರು ಬಿಟ್ಟವರು. ಊರನ್ನು ಉಳಿಸಿದವರು ಪದವಿಯ ಮುಖ ಕಾಣದವರು. ಹಾಗಿರುವಾಗ ಗೌರವ ಯಾರಿಗೆ ಸಲ್ಲಬೇಕು? ಜಹೀರಾಬಾದಿನ ಬಳಿಯ ಪಸ್ತಾಪುರವನ್ನು ನೋಡಿದರೆ ಈ ಪ್ರಶ್ನೆ ಚುಚ್ಚುತ್ತದೆ. ಅಲ್ಲಿಯ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಕೂಡಿದ ಹಳ್ಳಿಯ ಹೆಂಗಸರು, ಬಹುಪಾಲು ದಲಿತ ಮನೆಗಳವರು, ಜೋಳ, ನವಣೆ, ತೊಗರಿಯ ತಳಿಗಳನ್ನು ಕಾಪಾಡಿದರು. 2008ರಲ್ಲಿ ಮಾಚನೂರಿನಿಂದ ತಮ್ಮದೇ ಸಮುದಾಯ ರೇಡಿಯೊ ನಡೆಸಲು ಶುರುಮಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರ ಸಂಸ್ಥೆಗೆ ಬಂತು. ಇವರ ಮುಂದೆ ಪದವಿಪತ್ರವನ್ನು ಸಾಧನೆಯ ಏಕೈಕ ಅಳತೆಗೋಲು ಎನ್ನುವ ಧೈರ್ಯ ಯಾರಿಗೂ ಬರಬಾರದು. ಆದರೆ ಅದೇ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಸಮೂಹ ಸಂವಹನ ಓದಿ, ದೂರದರ್ಶನದಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವರು. ಓದಿದವರ ತಿಳಿವಳಿಕೆ, ಓದದವರ ಅನುಭವ ಸೇರಿದಾಗಲೇ ಅಲ್ಲಿ ಫಲ ಕಂಡಿತು. ಹಾಗಾಗಿ ಪದವೀಧರರ ಸಂಭ್ರಮವನ್ನು ನಾನು ಬೇಡುವುದು ಅವರನ್ನು ಮೇಲೆ ಕೂರಿಸಲು ಅಲ್ಲವೇ ಅಲ್ಲ. ಹೊರಗೆ ಹೋದವರಿಗೆ ಊರಿನೊಂದಿಗೆ ಲೆಕ್ಕ ಬಾಕಿ ಇದೆ ಎಂದು ನೆನಪಿಸುವ, ಊರಿನಲ್ಲಿ ಉಳಿದವರಿಗೆ ಆ ಬಾಕಿಯನ್ನು ಕೇಳುವ ಹಕ್ಕು ಕೊಡುವ ಸಂದರ್ಭ ಅದು. 1938ರ ಪದವೀಧರರು ಕುಶಲಕರ್ಮಿಗಳ ಜೊತೆ ನಿಂತದ್ದರಲ್ಲೂ ಇದೇ ತತ್ವವಿತ್ತು.

ಕೊನೆಯ ಆಕ್ಷೇಪ ಗಡಿಯದು. ಹಳೆಯ ಬೀದರ, ಹಳೆಯ ಗುಲ್ಬರ್ಗಾ ಎಂದು ಮಾತೆತ್ತಿದರೆ ಮ್ಯಾಪಿನ ಜಗಳವನ್ನು ಮತ್ತೆ ಎಬ್ಬಿಸಿದಂತೆ ಆಗುವುದಿಲ್ಲವೇ ಎಂಬ ಭಯ ಕೆಲವರಿಗಿದೆ. ಈ ಭಯಕ್ಕೆ ಆಧಾರವಿಲ್ಲ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ತೆಲಂಗಾಣದ ಊರುಗಳು. ಅಲ್ಲಿಯ ಕನ್ನಡಿಗರು ತೆಲಂಗಾಣದವರು. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ, ತಾಂಡೂರಿನ ಭಾವಿಗಿ ಭದ್ರೇಶ್ವರನ ಜಾತ್ರೆಗೆ ಗಡಿಯಾಚೆಯ ಜನ ಬರುವುದರಿಂದ ಯಾವ ರಾಜ್ಯದ ಗಡಿಯೂ ಅಲುಗಿಲ್ಲ. ನೆನಪು ಹಾಗೆ ಎರಡೂ ಕಡೆ ನಡೆದಾಡಿದರೆ ಯಾರಿಗೂ ನಷ್ಟವಿಲ್ಲ. ಅಷ್ಟೇ ಏಕೆ, ಸಂಸ್ಥೆಯೊಂದು ಒಡೆಯುವ ಹೊತ್ತಿನಲ್ಲೇ ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಬೇಕಾದ ಅಗತ್ಯ ಹುಟ್ಟುತ್ತದೆ ಎಂಬುದಕ್ಕೆ ದೂರದ ಒಂದು ನಿದರ್ಶನವಿದೆ. ಅಮೆರಿಕದ ವಿಲಿಯಮ್ಸ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ ಇಂಥ ಸಂಘಗಳಲ್ಲೇ ಅತ್ಯಂತ ಹಳೆಯದು. ಅದು ಹುಟ್ಟಿದ್ದು 1821ರಲ್ಲಿ, ಕಾಲೇಜಿನ ಅಧ್ಯಕ್ಷರೇ ಕೆಲವು ವಿದ್ಯಾರ್ಥಿಗಳೊಂದಿಗೆ ಬೇರೆ ಕಾಲೇಜು ತೆರೆಯಲು ಆಮ್ಹರ್ಸ್ಟ್‌ಗೆ ಹೊರಟುಹೋದಾಗ, ಉಳಿದದ್ದು ಮುಚ್ಚಿಹೋದೀತೆಂಬ ಆತಂಕದಲ್ಲಿ. ನಮ್ಮ ಸೀಮೆಯ ಒಡಕು ಇದಕ್ಕಿಂತ ದೊಡ್ಡದು; ಆದರೆ 1956ರಲ್ಲಿ ಇಲ್ಲಿ ಅಂಥ ಸಂಘ ಹುಟ್ಟಲಿಲ್ಲ.

ತಡವಾಗಿದ್ದರೂ ಈಗ ಮಾಡಬಹುದಾದದ್ದಕ್ಕೆ ಹೈದರಾಬಾದಿನ ಚರಿತ್ರೆಯಲ್ಲೇ ಮಾದರಿಯಿದೆ. ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂಬ ಮಾತು ಕೇಳಿಬಂದಾಗ ಸುರವರಂ ಪ್ರತಾಪರೆಡ್ಡಿಯವರು ಜಗಳಕ್ಕೆ ನಿಲ್ಲದೆ ಊರೂರಿನಿಂದ ಕವಿತೆ ತರಿಸಿ, 354 ಕವಿಗಳ ಪರಿಚಯವನ್ನು ಕೂಡಿಸಿ, 1934ರಲ್ಲಿ ಗೋಲಕೊಂಡ ಕವುಲ ಸಂಚಿಕೆಯನ್ನು ಹೊರತಂದರು. ಒಂದು ಪಟ್ಟಿ ಒಂದು ನಾಡಿನ ಆತ್ಮಗೌರವವನ್ನು ನಿಲ್ಲಿಸಿತು. ಮೂರು ತಾಲೂಕುಗಳಿಗೂ ಮೊದಲು ಬೇಕಾದದ್ದು ಅಂಥ ದಾಖಲೆ. ಶಾಲೆಯ ಹಾಜರಿ ಪುಸ್ತಕಗಳಿಂದ, ಮನೆಯ ಪೆಟ್ಟಿಗೆಯಲ್ಲಿರುವ ಉರ್ದು ಸನದುಗಳಿಂದ, ಗುಂಪು ಫೋಟೊಗಳ ಹಿಂದೆ ಬರೆದ ಹೆಸರುಗಳಿಂದ ಅದನ್ನು ಕೂಡಿಸಬೇಕು. ಉಸ್ಮಾನಿಯಾದವರಷ್ಟೇ ಅಲ್ಲದೆ ಗುಲ್ಬರ್ಗಾ, ಧಾರವಾಡ, ನಾಗಪುರಗಳಲ್ಲಿ ಓದಿದವರೂ ಅದರಲ್ಲಿ ಇರಬೇಕು. ಹಳ್ಳಿಯಿಂದ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಗಳು, ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟರು, ತಾಲೂಕು ಆಸ್ಪತ್ರೆಯ ನರ್ಸು ಮಂತ್ರಿಗಳ ಪಕ್ಕದಲ್ಲೇ ನಿಲ್ಲಬೇಕು. ಭಾಷೆ ಕನ್ನಡ, ತೆಲುಗು, ಉರ್ದು ಮೂರೂ ಇರಲಿ, ಏಕೆಂದರೆ ಈ ಜನ ಓದಿದ್ದು ಮೂರರಲ್ಲೂ.

ದಾಖಲೆಯ ಬೆನ್ನಿಗೆ ಒಂದು ನಿಯಮವನ್ನು ಊರು ತಾನೇ ಹಾಕಿಕೊಳ್ಳಬೇಕು. ಯಾರದೇ ಬಡ್ತಿ, ಪ್ರಶಸ್ತಿ, ಅರವತ್ತು, ಮದುವೆಯ ಐವತ್ತನ್ನು ಊರು ಸಂಭ್ರಮಿಸುವಾಗ ಆ ಸಂಭ್ರಮದಿಂದ ಎಲ್ಲರಿಗೂ ಸಲ್ಲುವ ಒಂದು ವಸ್ತು ಉಳಿಯಲೇಬೇಕು: ಒಂದು ವಿದ್ಯಾರ್ಥಿ ವೇತನ, ಗ್ರಂಥಾಲಯಕ್ಕೊಂದು ಕಪಾಟು ಪುಸ್ತಕ, ಶಾಲೆಯ ಪ್ರಯೋಗಶಾಲೆಗೊಂದು ಉಪಕರಣ, ಇಲ್ಲವೇ ಆ ಊರಿನ ಬಗ್ಗೆಯೇ ಒಂದು ಪುಸ್ತಕ. ಇದು ಹೊಸ ಕಲ್ಪನೆಯಲ್ಲ. ಸಮೀಕ್ಷೆಗೆ ಹಣ ಕೂಡಿಸಲು ಹೊರಟ ಪದವೀಧರರು ಮಹಿಳಾ ಕಾಲೇಜಿನವರೆಗೆ ಬಂದದ್ದು ಈ ದಾರಿಯಲ್ಲೇ. ಅವರ ಕೈಯಲ್ಲಿ ಇದ್ದದ್ದಕ್ಕಿಂತ ಹೆಚ್ಚಿನ ಅನುಕೂಲ ಇಂದಿನ ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳಲ್ಲಿದೆ: ಡಿಗ್ರಿ ಕಾಲೇಜುಗಳಿವೆ, ಕಾರ್ಖಾನೆಗಳಿವೆ, ಊರು ಬಿಟ್ಟು ಹೋಗಿ ಗಳಿಸಿದವರಿದ್ದಾರೆ. ರಾಜ್ಯಗಳು ತಮ್ಮ ಗಡಿಯೊಳಗಿನವರನ್ನು, ವಿಶ್ವವಿದ್ಯಾಲಯಗಳು ತಮ್ಮ ರಿಜಿಸ್ಟರಿನಲ್ಲಿ ಇರುವವರನ್ನು ಎಣಿಸುತ್ತವೆ. ಅದು ಅವುಗಳ ಧರ್ಮ. ಎರಡೂ ಎಣಿಕೆಯಲ್ಲಿ ತಪ್ಪಿಹೋದವರನ್ನು ಎಣಿಸುವ ಹೊಣೆ ಅವರನ್ನು ಹೆತ್ತು ಓದಲು ಕಳಿಸಿದ ಊರಿನದು. ಆ ಹೊಣೆಯನ್ನು ಹೊತ್ತರೆ ಈ ಮೂರು ತಾಲೂಕುಗಳು ತಮ್ಮ ಮಕ್ಕಳ ಚರಿತ್ರೆಗೆ ಯಾವ ರಾಜಧಾನಿಯ ಅಪ್ಪಣೆಗೂ ಕಾಯಬೇಕಾಗಿಲ್ಲ.